ಎಪ್ಪತ್ತು ಮೈಲಿ ಎಂದು ಬರೆದವನಿಗೆ

ಹಳಿಯಾಳ
೧೨ ಆಗಸ್ಟ್ ೧೯೬೩

ಅಂದಾನೆಪ್ಪನಿಗೆ,

ಆಶೀರ್ವಾದ ಎಂದು ಬರೆಯಲು ಈ ಸಲ ಕೈ ಏಳುತ್ತಿಲ್ಲ. ನಾವೆಲ್ಲ ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ಹಡಗಿನ ಕಂಪನಿಯ ಕಾಗದದಿಂದ ತಿಳಿಯಿತು. ಅದು ನನಗೆ ಬಂದ ಕಾಗದವಲ್ಲ, ಕ್ಯಾಸಲ್‌ರಾಕಿನ ಸಕ್ಕುಬಾಯಿಗೆ ಬಂದದ್ದು.

ರೈಲು ಶೆಡ್ಡಿನಲ್ಲಿದ್ದ ಅವಳ ಗಂಡ ಶಂಕ್ರಪ್ಪನನ್ನು ಹಡಗಿನ ಯಂತ್ರದ ಕೋಣೆಗೆ ಸೇರಿಸಿದವನು ನೀನೇ. ಅದಕ್ಕೇ ಆ ಇಂಗ್ಲಿಷ್ ಕಾಗದ ಹಿಡಿದು ನೇರ ನಮ್ಮ ಮನೆಗೇ ಬಂದಳು. "ಅವ್ವಾರ, ನೀವು ಸಾಲಿ ಕಲ್ತವ್ರು, ಓದಿ ಹೇಳ್ರಿ. ಪಗಾರ ಹೆಚ್ಚಾಗೇತೋ ಏನೋ" ಎಂದು ನಗುತ್ತ ಕಟ್ಟೆಯ ಮೇಲೆ ಕೂತಳು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ದಂಡೆಯಿಂದ ಐವತ್ತು ಮೈಲಿಯೊಳಗೆ ಹಡಗಿನ ಎಣ್ಣೆಯ ಕೊಳೆ ಸಮುದ್ರಕ್ಕೆ ಬಿಡಬಾರದೆಂಬ ಕಾಯ್ದೆ ಮುರಿದದ್ದಕ್ಕೆ ಶಂಕ್ರಪ್ಪನ ಕೆಲಸ ಹೋಗಿದೆ. ಇನ್ನು ಯಾವ ಹಡಗಿನಲ್ಲೂ ಅವನನ್ನು ತೆಗೆದುಕೊಳ್ಳುವುದಿಲ್ಲ. ಎಪ್ಪತ್ತು ಮೈಲಿ ದಾಟಿದ ಮೇಲೆ ಕೊಳೆ ಬಿಡುವ ವಾಲ್ವು ತೆರೆಯಲು ತಾವು ಹೇಳಿದ್ದರೂ ಅವನು ಮಾತು ಕೇಳದೆ ಮೊದಲೇ ತೆರೆದನೆಂದು ಮೂರನೆಯ ಇಂಜಿನಿಯರ್ ಹೇಳಿಕೆ ಕೊಟ್ಟಿದ್ದಾರೆ. ಮುಂದೆ ನಿನ್ನ ಹೆಸರು.

ಆ ಹೆಸರನ್ನು ನಾನು ಓದಲಿಲ್ಲ. ಕಣ್ಣು ಮಂಜಾಯಿತೆಂದು ಹೇಳಿ ಕಾಗದ ಮಡಚಿದೆ. ಈ ವಯಸ್ಸಿನಲ್ಲಿ ನನ್ನ ಬಾಯಿಂದ ಸುಳ್ಳು ಆಡಿಸಿದೆಯಲ್ಲ!

ಯುಗಾದಿಯ ನಂತರ ನೀನು ಏನು ಬರೆದಿದ್ದೆ, ಮರೆತೆಯಾ? ಕಾರವಾರದ ದೀಪ ಕಾಣುತ್ತಿರುವಾಗಲೇ ಹಡಗಿನ ಎಣ್ಣೆ ಟಾಕಿ ತೊಳೆದ ನೀರು ಬಿಡಿಸಿದೆ, ದಾಖಲೆ ಪುಸ್ತಕದಲ್ಲಿ ಎಪ್ಪತ್ತು ಮೈಲಿ ಎಂದು ಬರೆದು ಸಹಿ ಹಾಕಿದೆ, ಹೊತ್ತು ಉಳಿಯಿತೆಂದು ಕಪ್ತಾನ ಬೆನ್ನು ತಟ್ಟಿದ ಎಂದಿದ್ದೆ. ಓಣಿಯ ಹೆಂಗಸರನ್ನು ಕೂರಿಸಿಕೊಂಡು ನಾನೇ ಅದನ್ನು ಓದಿದ್ದೆ. "ನಿನ್ನ ಮಗ ಸಾಹೇಬ್ರಿಗೇ ಟೊಪಿಗಿ ಹಾಕ್ಯಾನ ಬಿಡವಾ" ಎಂದು ಪಕ್ಕದ ಮನೆಯ ಸಿದ್ದಕ್ಕ ಅಂದಾಗ ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ.

ಸಕ್ಕುಬಾಯಿಯ ತವರು ಕಾರವಾರದಾಚೆಯ ಮಾಜಾಳಿ. "ಯುಗಾದಿ ಮುಂದ ನನ್ನ ತಮ್ಮನ ಮೀನಿನ ಬಲಿಗೆಲ್ಲಾ ಡಾಂಬರ ಮೆತ್ತಿತ್ರಿ. ತೊಳದ್ರ ಹೋಗಲಿಲ್ಲ, ಸುಟ್ಟ ಹಾಕಿದ. ಅದನ್ನ ನಮ್ಮನಿಯವ್ರ ಮಾಡ್ಯಾರಂತೀರೇನ್ರಿ?" ಎಂದು ನನ್ನನ್ನೇ ಕೇಳಿದಳು. ಪರದೇಶದವರ ಕಾಯ್ದೆ, ಸಮುದ್ರದಲ್ಲಿ ಯಾರು ನೋಡುತ್ತಾರೆ ಎಂದು ಬರೆದಿದ್ದೆಯಲ್ಲ, ಆ ಬಲೆ ಯಾವ ಪರದೇಶದ್ದು?

ಈ ಪತ್ರ ತಲುಪಿದ ದಿನವೇ ಕಂಪನಿಯ ಮುಂಬಯಿ ಕಚೇರಿಗೆ ನಿಜ ಬರೆದು ಕೊಡು. ವಾಲ್ವು ತೆರೆಯಲು ಹೇಳಿದವನು ನೀನು, ಸುಳ್ಳು ಬರೆದವನೂ ನೀನು. ಕಪ್ತಾನನ ಪಾಲಿದ್ದರೆ ಅದನ್ನೂ ಬರೆ. ಕೆಲಸ ಹೋದರೆ ಹೋಗಲಿ, ಯಂತ್ರ ಬಲ್ಲವನಿಗೆ ದಂಡೇಲಿಯ ಗಿರಣಿಯಲ್ಲಿ ಅನ್ನ ಹುಟ್ಟುತ್ತದೆ. ಬರೆಯದಿದ್ದರೆ ಈ ಹೊಸ್ತಿಲು ತುಳಿಯಬೇಡ.

ನಿನ್ನನ್ನು ಹೆತ್ತ
ಕಾಶೆವ್ವ

ತಾ.ಕ.: ನಿನ್ನ ಆ ಯುಗಾದಿಯ ಪತ್ರ ಈಗ ನನ್ನ ಪೆಟ್ಟಿಗೆಯಲ್ಲಿಲ್ಲ. ನಿನ್ನೆ ಸಕ್ಕುಬಾಯಿಯನ್ನು ಕರೆಸಿ ಅವಳ ಕೈಗೇ ಕೊಟ್ಟೆ, ಬಿಟ್ಟಿದ್ದ ಹೆಸರನ್ನೂ ಓದಿ ಹೇಳಿದೆ. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಅದನ್ನು ಕಚೇರಿಯಲ್ಲಿ ತೋರಿಸಲು ಇವತ್ತೇ ಮುಂಬಯಿ ರೈಲು ಹತ್ತುತ್ತೇನೆಂದು ಎದ್ದಳು. ಅವನಾಗಿಯೇ ಬರೆಯಲಿ, ಎಂಟು ದಿನ ತಡೆ ಎಂದು ಸೆರಗೊಡ್ಡಿ ಬೇಡಿಕೊಂಡೆ. ಬರುವ ಸೋಮವಾರ ಹೊರಡುತ್ತಾಳೆ.