ನಿಮ್ಮ ಜಾಗ

ಹದಿನಾಲ್ಕನೇ ತಾರೀಕು, ಭಾನುವಾರ

ಇವರಿಗೆ,

ನಮಸ್ಕಾರ. ನಾನು ಆರೋಗ್ಯವಾಗಿದ್ದೇನೆ, ನೀವೂ ಹಾಗೇ ಇದ್ದೀರೆಂದುಕೊಳ್ಳುತ್ತೇನೆ. ನಿಮ್ಮ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡಿ. ಬೇರೆ ಊರಲ್ಲಿ ಕೆಲಸ ಹುಡುಕುತ್ತೇನೆಂದು ಹೋಗಿ ನಾಲ್ಕು ವರ್ಷ ಸುಮ್ಮನಿದ್ದವರಿಗೆ ಮುನಿಸಿಕೊಳ್ಳುವ ಹಕ್ಕೂ ಇಲ್ಲ ಬಿಡಿ.

ನೀವು ಕೇಳಿದ ಸುದ್ದಿ ನಿಜ. ಹೊರದೇಶದ ಅಗ್ಗದ ಬೀಗಗಳು ಬಂದು ಮುಚ್ಚಿಹೋಗಿದ್ದ ನಮ್ಮ ಬೀಗದ ಫ್ಯಾಕ್ಟರಿ ಮತ್ತೆ ತೆರೆದಿದೆ. ಸರ್ಕಾರ ಆ ಬೀಗಗಳ ಮೇಲೆ ಭಾರೀ ಸುಂಕ ಹಾಕಿ, ಇಲ್ಲೇ ತಯಾರಿಸುವವರಿಗೆ ನೆರವು ಕೊಡುತ್ತಿದೆಯಂತೆ. ಹಳೆಯ ಕೆಲಸಗಾರರ ಮನೆಯವರನ್ನು ಸೇರಿಸಿಕೊಳ್ಳಬೇಕೆಂಬ ಷರತ್ತೂ ಇದೆ. ಹಾಗೆ ನನಗೂ ಕೆಲಸ ಸಿಕ್ಕಿತು. ಸೌಟು ಹಿಡಿದ ಕೈಯಲ್ಲಿ ಈಗ ಅರ ಹಿಡಿದು ಕೀಲಿಕೈಗೆ ಹಲ್ಲು ತೀಡುತ್ತೇನೆ. ಮೊದಲ ವಾರ ಒಂದು ಕೀಲಿಕೈಯನ್ನು ಎಷ್ಟು ತೀಡಿದೆನೆಂದರೆ ಅದು ಮೂರು ಬೀಗ ತೆರೆಯಿತು. "ಇದನ್ನ ಕಳ್ಳರಿಗೆ ಕೊಡೋಣ ಬಿಡಮ್ಮ" ಎಂದು ಮೇಸ್ತ್ರಿ ನಕ್ಕರು.

ನನ್ನನ್ನು ಕೂರಿಸಿರುವುದು ನಿಮ್ಮ ಮೇಜಿಗೇ. ನೀವು ಎಡಗೈಯವರೆಂದು ಎಡಕ್ಕೆ ತಿರುಗಿಸಿಕೊಂಡಿದ್ದ, ಕೀಲಿಕೈ ಕಚ್ಚಿ ಹಿಡಿಯುವ ವೈಸ್ ಹಾಗೇ ಇದೆ. "ಬಲಕ್ಕೆ ತಿರುಗಿಸಿ ಕೊಡ್ಲೇನಮ್ಮ?" ಎಂದು ಮೇಸ್ತ್ರಿ ಕೇಳಿದರು. ಬೇಡವೆಂದೆ. ಸೊಂಟ ನೋಯುತ್ತದೆ, ಆದರೂ ಇರಲಿ. "ನಿಮ್ಮವರ ಥರ ಬೀಗ ಕಿವಿಗಿಟ್ಕೊಂಡು ಪರೀಕ್ಷೆ ಮಾಡೋರು ಇನ್ನು ಹುಟ್ಟಲ್ಲ" ಎಂದು ಕಣ್ಣೊರೆಸಿಕೊಂಡರು.

ಸಂಜೆ ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಇವತ್ತು ಹಲ್ಲು ಚೆನ್ನಾಗಿ ಬಂತು ಎಂದು ಗೋಡೆಗೆ ಹೇಳುತ್ತೇನೆ. ಒಬ್ಬಳೇ ಇರುವುದು ಅಭ್ಯಾಸವಾಗುತ್ತದೆ ಅನ್ನುತ್ತಾರೆ. ನನಗೆ ಆಗಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ. ಎಲ್ಲಿದ್ದರೂ ನೂರು ಕಾಲ ಬಾಳಿ.

ನಿಮ್ಮವಳು

ಇನ್ನೊಂದು ಮಾತು: ನೂರು ಕಾಲ ಬಾಳಿ ಎಂದು ಸುಮ್ಮನೆ ಬರೆದದ್ದಲ್ಲ. ಗಂಡ ತೀರಿಕೊಂಡವರಿಗೆ ಮೊದಲು ಕೆಲಸ ಎಂದಿದ್ದರು. ಅರ್ಜಿಯಲ್ಲಿ ನೀವು ಇಲ್ಲ ಎಂದು ಬರೆದುಕೊಟ್ಟೆ. ನಿಮ್ಮ ಸುದ್ದಿಯಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ದಾಖಲೆ ಕೇಳಲಿಲ್ಲ. ಮೇಸ್ತ್ರಿ ಅತ್ತದ್ದು ಅದಕ್ಕೇ. ಬರೆಯುವಾಗ ನಾನು ತಡವರಿಸಲಿಲ್ಲ. ನಿಮ್ಮ ಕಾಗದ ಬಂದ ದಿನ ಬಾಗಿಲಿಗೆ ಅಗಳಿ ಹಾಕಿಕೊಂಡು ಓದಿದೆ. ಅದರಲ್ಲಿ 'ಹೇಗಿದ್ದೀಯ' ಅಂತಲೂ ಇರಲಿಲ್ಲ. 'ಫ್ಯಾಕ್ಟರಿ ತೆರೆದಿದೆಯಂತೆ, ನನ್ನ ಜಾಗ ಖಾಲಿ ಇದೆಯಾ?' ಅಷ್ಟೇ.

ಅಲ್ಲಿ ಖಾಲಿ ಇಲ್ಲ, ನಾನು ಕೂತಿದ್ದೇನೆ. ನೀವು ಬಂದು ನಿಂತ ದಿನ ನನ್ನನ್ನು ಎಬ್ಬಿಸಿ ಕಳಿಸುತ್ತಾರೆ. ಮನೆಯಲ್ಲಿ ಖಾಲಿ ಇದೆ. ಅದು ಬೇಕಿದ್ದರೆ ಬರೆಯಿರಿ. ಈ ಸಲ ನಾಲ್ಕು ವರ್ಷ ಮಾಡಬೇಡಿ.