ನಾಲ್ಕು ಅಂಕಿಯ ಬೆಲೆ

ಗೆಳತಿ,

ನಮ್ಮ ಅಚ್ಚುಮನೆಯ ಬಾಗಿಲ ಸಂಖ್ಯೆಯನ್ನೇ ಜಾಲತಾಣದ ಹೆಸರಾಗಿ ಇಬ್ಬರೂ ಸೇರಿ ನೋಂದಾಯಿಸಿದ್ದೆವಲ್ಲ, ಅದನ್ನು ಕೊಳ್ಳಲು ನಿನ್ನನ್ನು ಮದುವೆಯಾಗಲಿರುವವರು ಫೋನ್ ಮಾಡಿದ್ದರು. “ಏನಪ್ಪಾ ಕ್ರಾಂತಿಕಾರಿ, ನಾಲ್ಕು ಅಂಕಿಗೆ ಎಷ್ಟು ಹೇಳ್ತೀಯ?” ಎಂದು ನಕ್ಕರು. ನ್ಯಾಯವಾದ ಬೆಲೆ ಹೇಳು ಎಂದು ನೀನೂ ಬರೆದಿದ್ದೀಯ.

ಬರೀ ನಾಲ್ಕಂಕಿಯ ಜಾಲತಾಣದ ಹೆಸರುಗಳು ಅಪರೂಪ; ಅದರಲ್ಲೂ ನಮ್ಮದರಂತೆ ಸೊನ್ನೆಯಿಲ್ಲದ್ದಕ್ಕೆ ಮಾರುಕಟ್ಟೆಯಲ್ಲಿ ಒಂದು ಕಾರಿನ ಬೆಲೆಯಿದೆ. ಆದರೆ ಅಂಕಿಗಳು ಯಾರಪ್ಪನ ಸ್ವತ್ತೂ ಅಲ್ಲವೆಂದು ಕರಪತ್ರ ಬರೆದವನು ನಾನು. ಬೇರೆ ಯಾರು ಕೇಳಿದ್ದರೂ ನೋಂದಣಿಯ ಖರ್ಚಿಗೇ ಕೊಡುತ್ತಿದ್ದೆ. ಅವರಿಗೆ ಮಾತ್ರ ಎರಡು ಕಾರಿನ ಬೆಲೆ. ಇದನ್ನು ತತ್ವ ಅಂದುಕೋ, ಹೊಟ್ಟೆಕಿಚ್ಚು ಅಂದುಕೋ.

ಅವರು ಒಪ್ಪಿದರೆ ಒಂದು ಕೆಲಸ ಮಾಡು. ನಮ್ಮ ಜಾಲತಾಣದ ಮೊದಲ ಪುಟದಲ್ಲಿ ನೀನು ಬರೆದ ಸಾಲುಗಳು ಹಾಗೇ ಇವೆ. ಅವನ್ನು ನೀನೇ ಅಳಿಸು. ಪಾಸ್‌ವರ್ಡ್ ನಾನು ಬದಲಿಸಿಲ್ಲ.

ಇಂತಿ,
ಅಚ್ಚುಮನೆಯಲ್ಲೇ ಉಳಿದವನು