ಬಾರಿಯ ಮಗ ಕಟ್ಟಿದ ಪೆಟ್ಟಿಗೆ

ಬತ್ಹಾ, ರಿಯಾದ್
೧೪ ಅಕ್ಟೋಬರ್ ೨೦೨೫, ಮಂಗಳವಾರ

ಪ್ರೀತಿಯ ಮೊಮ್ಮಗ ರಾಝಿಕ್‌ಗೆ ಅಜ್ಜಿಯ ಸಲಾಂ.

ಹೇಗಿದ್ದೀ ಮೋನೇ? ಲಂಡನಿನಲ್ಲಿ ಚಳಿ ಶುರುವಾಯಿತಂತೆ, ಗಂಟಲು ಸರಿಯಾಯಿತಾ? ಕಾಳುಮೆಣಸಿನ ಕಷಾಯ ಮಾಡಿ ಕುಡಿ, ಜನರನ್ನು ನಗಿಸುವವನಿಗೆ ಗಂಟಲೇ ಬಂಡವಾಳ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ನಾನೂ ಇದ್ದ ಹಾಗೇ ಇದ್ದೇನೆ. ನಿನ್ನ ಉಮ್ಮ ಹಸೀನಾ ಚೆನ್ನಾಗಿದ್ದಾಳೆ. ಈ ಕಾಲದಲ್ಲಿ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಾದರೆ ನಾನು ಬೈಯಲು ಶುರು ಮಾಡಿದ ಕೂಡಲೇ ನಿನಗೆ ಶೂಟಿಂಗಿಗೆ ಕರೆ ಬರುತ್ತದೆ. ನೆರೆಮನೆಯ ಮೊಹಮ್ಮದ್ ಇಸ್ಮಾಯಿಲ್ ನಾಳೆ ಲಂಡನಿಗೆ ಹೊರಡುತ್ತಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಕ್ಯಾಲೆಂಡರ್ ಹಾಳೆಯ ಹಿಂದೆ ನಿನಗೆ ಕನ್ನಡ ಅಕ್ಷರ ತಿದ್ದಿಸಿದವಳು ನಾನು, ಓದಲು ಬರುವುದಿಲ್ಲ ಅಂತ ನೆಪ ಹೇಳಬೇಡ.

ವಿಷಯಕ್ಕೆ ಬರುತ್ತೇನೆ. ಆ ಹಾಸ್ಯ ಧಾರಾವಾಹಿಯನ್ನು ಬಿಡುತ್ತೇನೆ, ತಿಂಗಳ ಕೊನೆಗೆ ರಾಜೀನಾಮೆ ಬರೆದು ಕೊಡುತ್ತೇನೆ ಅಂತ ಹಸೀನಾಳ ಹತ್ತಿರ ಹೇಳಿದೆಯಂತೆ. ಉಪ್ಪ ಎಂಟು ತಿಂಗಳಿಂದ ಮಾತಾಡಿಲ್ಲ, ಅವರನ್ನು ನೋಯಿಸಿ ಸಿಗುವ ನಗು ನನಗೆ ಬೇಡ ಅಂದೆಯಂತೆ. ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಆ ನಗು ಸುಮ್ಮನೆ ಬಂದದ್ದಾ? ಆರು ವರ್ಷದವನಿದ್ದಾಗ ನಮ್ಮ ಕಟ್ಟಡದ ವಾಚ್‌ಮನ್ ಮಹಮ್ಮದ್ ಕುಂಞಿ ನಡೆಯುವ ಹಾಗೆ ಅವನೆದುರೇ ನಡೆದು ತೋರಿಸಿ, ಅವನಿಂದಲೇ ಚಾಕಲೇಟು ಗಿಟ್ಟಿಸಿದವನು ನೀನು. ಇಂಡಿಯನ್ ಸ್ಕೂಲಿನಲ್ಲಿ ಪ್ರಿನ್ಸಿಪಾಲರ ಸ್ವರ ತೆಗೆದು ಮೈಕಿನಲ್ಲಿ ಅರ್ಧ ದಿನ ರಜೆ ಕೊಟ್ಟೆ, ನಿನಗೆ ಅವರು ಮೂರು ದಿನ ರಜೆ ಕೊಟ್ಟರು. ಫಾರ್ಮಸಿ ಓದಲು ಲೆಸ್ಟರಿಗೆ ಹೋದವನು ಮೂರನೇ ವರ್ಷ ಪುಸ್ತಕ ಮುಚ್ಚಿಟ್ಟು, ಹನ್ನೊಂದು ಜನ ಕೂತಿದ್ದ ಯಾವುದೋ ಮಾಳಿಗೆ ಕೋಣೆಯಲ್ಲಿ ಜೋಕು ಹೇಳಲು ನಿಂತೆ. ಆಮೇಲೆ ಟಿವಿಯಲ್ಲಿ ಮೂರು ಸಲ ಟ್ಯಾಕ್ಸಿ ಡ್ರೈವರ್, ಎರಡು ಸಲ ಅಂಗಡಿಯವ, ಒಂದು ಸಲ ಆಸ್ಪತ್ರೆಯ ಹೆಣ. ಆ ಹೆಣವನ್ನೂ ನಾವು ಮನೆಮಂದಿಯೆಲ್ಲ ಕೂತು ನೋಡಿದೆವು, ಹೆಣದ ಹೊಟ್ಟೆ ಏರಿಳಿಯುತ್ತಿತ್ತು. ಹತ್ತು ವರ್ಷ ಹೀಗೆ ತೇಯ್ದ ಮೇಲೆ, ಸೌದಿಯಿಂದ ಬಂದು ಲಂಡನಿನ ನೆಂಟರ ಮನೆಯಲ್ಲಿ ಠಿಕಾಣಿ ಹೂಡುವ ಈ ಗಲ್ಫ್ ಮಾವನ ಪಾತ್ರ ಸಿಕ್ಕಿತು. ಈಗ ಬಸ್ಸಿನಲ್ಲಿ ಇಂಗ್ಲಿಷರೂ ನಿನ್ನ ಗುರುತು ಹಿಡಿದು ನಗುತ್ತಾರಂತೆ. ನನಗೆ ಹೆಮ್ಮೆ ಮೋನೇ, ಬಹಳ ಹೆಮ್ಮೆ.

ಆ ಪಾತ್ರಕ್ಕೆ ನೀನು ನಿನ್ನ ಉಪ್ಪನನ್ನೇ, ನನ್ನ ಮಗ ಬಾರಿಯನ್ನೇ ಎತ್ತಿಕೊಂಡೆ. ಕಿವಿಯ ಸಂದಿನಲ್ಲಿ ಪೆನ್ನು, ರೇಟು ಹೇಳುವ ಮೊದಲು ಒಂದು ಕೆಮ್ಮು, ಬೇಗ ಬೇಗ ಅಂತ ಮಾತಿಗೊಂದು ‘ಯಲ್ಲಾ’. ಫೆಬ್ರವರಿಯಲ್ಲಿ ಆ ಮಾವ ಊರಿಗೆ ಪೆಟ್ಟಿಗೆ ಕಟ್ಟಿ ಕಳಿಸುವ ಕಂತು ಬಂದಾಗ ಬಾರಿ ಅರ್ಧಕ್ಕೇ ಎದ್ದು ಹೋದ. ಆ ದಿನದಿಂದ ನಿನ್ನ ಫೋನ್ ಎತ್ತಿಲ್ಲ. ಇಪ್ಪತ್ತಾರು ವರ್ಷ ಇದೇ ಬತ್ಹಾದಲ್ಲಿ ಜನರ ಪೆಟ್ಟಿಗೆ ಕಟ್ಟಿ ಊರಿಗೆ ಕಳಿಸುವ ಕಾರ್ಗೋ ಅಂಗಡಿ ನಡೆಸಿದ ಮನುಷ್ಯ, ಜನ ತನ್ನನ್ನು ನೋಡಿ ನಗುವುದನ್ನು ಸಹಿಸಲಿಲ್ಲ ಅಂತ ನೀನು ಅಂದುಕೊಂಡೆ, ಹಸೀನಾ ಅಂದುಕೊಂಡಳು. ಹೆತ್ತವಳು ನಾನು, ನಾನೂ ಹಾಗೇ ಅಂದುಕೊಂಡೆ.

ಮೊನ್ನೆ ಶುಕ್ರವಾರ ಜುಮಾ ಮುಗಿಸಿ ಅವನು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ನಿನ್ನ ಮಗ ಆ ಕೆಲಸ ಬಿಡುತ್ತಾನಂತೆ, ಈಗ ಸಮಾಧಾನವಾಯಿತಾ ಅಂದೆ. ಬಾಯಿಗೆ ಹೋಗುತ್ತಿದ್ದ ಕೈ ನಿಂತಿತು. ತುತ್ತನ್ನು ತಟ್ಟೆಗಿಳಿಸಿ, “ಆ ಕಂತಿನಲ್ಲಿ ಅವನು ಪೆಟ್ಟಿಗೆ ಕಟ್ಟಿದ್ದಾದರೂ ಎಂತ ಉಮ್ಮಾ? ಹಗ್ಗ ಒಂದೇ ಸುತ್ತು. ಹೆಸರು ಮುಚ್ಚಳದ ಮೇಲೆ ಮಾತ್ರ. ನಾಲ್ಕೂ ಬದಿಗೆ ಹೆಸರು, ಊರು, ಫೋನ್ ನಂಬರು ಬರೆಯದಿದ್ದರೆ ಆ ಪೆಟ್ಟಿಗೆ ಮಂಗಳೂರಿಗೆ ಮುಟ್ಟುತ್ತದಾ?” ಅಂದ. ನಾನು ಕಣ್ಣು ಬಿಟ್ಟು ನೋಡಿದೆ. ಅವನು ನಿನ್ನ ಹಾಗೆ ನಟಿಸಿದ್ದಕ್ಕೆ ಸಿಟ್ಟಲ್ಲವಾ ಬಾರೀ ಅಂದರೆ, “ನನ್ನ ಹಾಗೆ ಕೆಮ್ಮಲಿ, ನಡೆಯಲಿ, ಜನ ನಗಲಿ. ನಾನು ಕಟ್ಟಿದ ಒಂದೇ ಒಂದು ಪೆಟ್ಟಿಗೆ ಇವತ್ತಿನವರೆಗೆ ದಾರಿಯಲ್ಲಿ ಬಿಚ್ಚಿಹೋಗಿಲ್ಲ ಉಮ್ಮಾ. ಅದು ಅವನಿಗೆ ಗೊತ್ತೇ ಇಲ್ಲವಲ್ಲ” ಅಂದ. ಕಣ್ಣಲ್ಲಿ ನೀರಿತ್ತು.

ಇಷ್ಟಕ್ಕೆ ಎಂಟು ತಿಂಗಳ ಮೌನವಾ ಅಂತ ನಿನಗೆ ಅನಿಸಬಹುದು. ರಜೆಯಲ್ಲಿ ಅಂಗಡಿಗೆ ಬಂದರೆ ನೀನು ಕೌಂಟರಿನ ಮೇಲೆ ಕೂತು ಗಿರಾಕಿಗಳನ್ನು ನಗಿಸಿದೆಯೇ ಹೊರತು ಒಮ್ಮೆಯಾದರೂ ಹಗ್ಗ ಹಿಡಿದೆಯಾ? ಅಪ್ಪನ ನಡಿಗೆ ನೋಡಿದೆ, ಕೆಮ್ಮು ನೋಡಿದೆ, ಕೈ ನೋಡಲಿಲ್ಲ. ಅವನ ನೋವು ಅದು, ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ನೀನಾದರೂ ಕೇಳಬೇಕಿತ್ತು. ಅದು ಬಿಟ್ಟು ಹೆದರಿ ಕೆಲಸಕ್ಕೇ ಕೈಮುಗಿಯಲು ಹೊರಟಿದ್ದೀ! ಆ ಪಾತ್ರ ಬಿಡಬೇಡ, ಇದು ಅಜ್ಜಿಯ ಹುಕುಂ. ಬಾರಿಗೆ ಫೋನ್ ಮಾಡಿ ಕ್ಷಮೆಗಿಮೆ ಅಂತ ಅಳಬೇಡ, ಪೆಟ್ಟಿಗೆ ಕಟ್ಟುವುದು ಹೇಗೆ ಅಂತ ಕೇಳು. ಅವನು ಒಂದು ಗಂಟೆ ಫೋನ್ ಇಡುವುದಿಲ್ಲ ನೋಡು.

ಅಲ್ಲಾಹು ನಿನಗೆ ಆಯುಸ್ಸು ಆರೋಗ್ಯ ಕೊಡಲಿ, ನಿನ್ನ ನಾಲಗೆಗೂ ಅಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣು. ಹಸೀನಾಳ ಸಲಾಂ.

ಇತಿ ನಿನ್ನ ಅಜ್ಜಿ
ಅಲೀಮಮ್ಮ

ಇನ್ನೊಂದು ಮಾತು, ಇಸ್ಮಾಯಿಲ್ ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನವೆಂಬರ್ ಏಳರ ಶುಕ್ರವಾರ ನಿಮ್ಮ ಶೂಟಿಂಗನ್ನು ಜನರನ್ನು ಎದುರಿಗೆ ಕೂರಿಸಿಯೇ ಮಾಡುತ್ತಾರಂತಲ್ಲ. ಬಾರಿ ಹಸೀನಾಳಿಂದ ತನಗೊಂದು ಸೀಟು ಹಿಡಿಸಿದ್ದಾನೆ, ನಿನ್ನೆ ವೀಸಾಕ್ಕೆ ಬೆರಳಚ್ಚೂ ಕೊಟ್ಟು ಬಂದ. ನಿನಗೆ ಹೇಳಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಬರೆಯಬಾರದು ಅಂದಿಲ್ಲ. ಆ ದಿನ ನೀನು ಅಲ್ಲಿ ಇರಲೇಬೇಕು. ಈಗಷ್ಟೇ ಬಾರಿ ನನ್ನ ಕೋಣೆಗೆ ಬಂದು, ಬಾಗಿಲು ಹಿಡಿದು ನಿಂತು ನನ್ನನ್ನು ಕೇಳಿದ: “ಎಲ್ಲರೂ ನಗುವಾಗ ನಾನೂ ನಗಬಹುದಲ್ಲಾ ಉಮ್ಮಾ? ಅವನಿಗೆ ಬೇಜಾರಾಗುವುದಿಲ್ಲವಲ್ಲಾ?”